ಜೀನ್ ಕೆಲ್ಲಿ ಸಿನಿಮಾ ನೋಡಬೇಕು, ಯಾವುದರಿಂದ ಶುರು ಮಾಡಲಿ?

ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಹಾಲಿವುಡ್‌ನ ಈ ನಟ, ನೃತ್ಯಗಾರನ ಒಂದೇ ಒಂದು ದೃಶ್ಯ ನೋಡಿರುತ್ತಾರೆ. ಜೋರು ಮಳೆ. ಒಬ್ಬ ಕೊಡೆ ಮಡಚಿಕೊಂಡು ದೀಪದ ಕಂಬ ಹತ್ತುತ್ತಾನೆ, ನಿಂತ ನೀರಿಗೆ ಮಕ್ಕಳ ಹಾಗೆ ಹಾರುತ್ತಾನೆ. ಆ ತುಣುಕು ಯಾರದ್ದೋ ಮೊಬೈಲಿನಲ್ಲಿ ಕಂಡಿರುತ್ತದೆ, ಇಷ್ಟವೂ ಆಗಿರುತ್ತದೆ. ಅದರ ಆಚೆಗೆ ಏನು ನೋಡಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ಪಟ್ಟಿ ಹುಡುಕಿದರೆ 1942ರಿಂದ 1957ರವರೆಗೆ ಸಾಲುಸಾಲು ಸಿನಿಮಾ. ಅರ್ಧಕ್ಕರ್ಧ ಸಿನಿಮಾಗಳಲ್ಲಿ ಅವರು ನಾವಿಕರು ಇಲ್ಲವೇ ಸೈನಿಕರು. ಕಥೆಯ ಸಾಲು ಓದಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ.

ಅದಕ್ಕೇ ನಾನು ಹೇಳುವುದು: ಕಥೆ ನೋಡಿ ಆರಿಸಬೇಡಿ. ಕೆಲ್ಲಿ ಯಾವುದರ ಜೊತೆ ಕುಣಿಯುತ್ತಾರೆ ಅಂತ ನೋಡಿ ಆರಿಸಿ. ಒಂದರಲ್ಲಿ ನಿಂತ ಮಳೆನೀರು. ಒಂದರಲ್ಲಿ ಹಳೇ ಪೇಪರು. ಇನ್ನೊಂದರಲ್ಲಿ ಕಸದ ಡಬ್ಬಿಯ ಮುಚ್ಚಳ. ಮತ್ತೊಂದರಲ್ಲಿ ಕಾರ್ಟೂನ್ ಇಲಿ. ಕೈಗೆ, ಕಾಲಿಗೆ ಸಿಕ್ಕಿದ್ದನ್ನೇ ಜೊತೆಗಾರನನ್ನಾಗಿ ಮಾಡಿಕೊಳ್ಳುವುದು ಅವರ ದೊಡ್ಡ ಗುಣ. ನಿಮಗೆ ಯಾವ ಜೊತೆ ಹಿಡಿಸುತ್ತದೋ ಆ ಸಿನಿಮಾ ನಿಮ್ಮದು.

ಅವರು ಎಲ್ಲಿಂದ ಬಂದರು ಅನ್ನುವುದನ್ನು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ, ಕುಣಿತ ಅರ್ಥವಾಗಲು ಅದು ಬೇಕು. 1912ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದವರು, ಐದು ಮಕ್ಕಳಲ್ಲಿ ಮೂರನೆಯವರು. ಅಮ್ಮ ನೃತ್ಯದ ಕ್ಲಾಸಿಗೆ ಕಳಿಸಿದರೆ ಬೀದಿಯ ಹುಡುಗರು ಗೇಲಿ ಮಾಡುತ್ತಿದ್ದರು. ಅವರಿಗೆ ಬೇಕಿದ್ದದ್ದು ಬೇಸ್‌ಬಾಲ್. ಐಸ್ ಹಾಕಿ ಆಡಿದರು, ಜಿಮ್ನಾಸ್ಟಿಕ್ಸ್ ಮಾಡಿದರು, 1933ರಲ್ಲಿ ಅರ್ಥಶಾಸ್ತ್ರದಲ್ಲಿ ಪದವಿ ಪಡೆದರು, ಮನೆಯವರೆಲ್ಲ ಸೇರಿ ನಡೆಸುತ್ತಿದ್ದ ಡ್ಯಾನ್ಸ್ ಶಾಲೆಯಲ್ಲಿ ಪಾಠ ಹೇಳಿದರು. ಹಾಗಾಗಿ ಕೋಟು, ಟೋಪಿ ಹಾಕಿಕೊಂಡು ತೇಲುವ ಕುಣಿತ ಅವರದಲ್ಲ. ಅದು ಆ ಕಾಲದ ಇನ್ನೊಬ್ಬ ನೃತ್ಯತಾರೆ ಫ್ರೆಡ್ ಆಸ್ಟೇರ್ ಅವರ ದಾರಿ. ಕೆಲ್ಲಿಯದು ಮೊಣಕಾಲು ಬಾಗಿಸಿ ನೆಲಕ್ಕೆ ಅಂಟಿಕೊಂಡು ಕುಣಿಯುವ ಕುಣಿತ. ತೋಳು ಮಡಚಿದ ಅಂಗಿ, ಲೋಫರ್ ಶೂ, ಬಿಳಿ ಕಾಲುಚೀಲ. ಆ ಬಿಳಿ ಕಾಲುಚೀಲ ಸುಮ್ನೆ ಅಲ್ಲ, ಕಣ್ಣು ತಾನಾಗಿಯೇ ಪಾದದ ಕಡೆ ಹೋಗುತ್ತದೆ.

ಮೊದಲ ಸಿನಿಮಾ: ಸಿಂಗಿನ್ ಇನ್ ದ ರೇನ್ (1952)

ಇದರಲ್ಲಿ ಚರ್ಚೆ ಬೇಡ. ಎಲ್ಲರೂ ಇದನ್ನೇ ಹೇಳುತ್ತಾರೆ, ನಾನೂ ಇದನ್ನೇ ಹೇಳುತ್ತೇನೆ. 103 ನಿಮಿಷದ ಸಿನಿಮಾ, ಕಡೆಯ ಬ್ಯಾಲೆ ಬಿಟ್ಟರೆ ಎಲ್ಲೂ ಎಳೆದಾಡುವುದಿಲ್ಲ. ಸ್ಟ್ಯಾನ್ಲಿ ಡೊನೆನ್ ಮತ್ತು ಕೆಲ್ಲಿ ಸೇರಿ ನಿರ್ದೇಶಿಸಿದ್ದು.

ಕಥೆ ನಡೆಯುವುದು 1927ರಲ್ಲಿ, ಮೂಕಿ ಹೋಗಿ ಟಾಕಿ ಬರುವ ಹೊತ್ತು. ತೆರೆಯ ಮೇಲೆ ರಾಣಿಯಂತೆ ಮೆರೆಯುವ ಲೀನಾಳ ದನಿ ಕರ್ಕಶ. ಮಾತು ಬಂದರೆ ಅವಳ ಕಥೆ ಮುಗಿಯಿತು. ಆಗ ಕ್ಯಾಥಿ ಎಂಬ ಹೊಸ ಹುಡುಗಿಯ ದನಿಯನ್ನು ಅವಳ ತುಟಿಗೆ ಕೂರಿಸುತ್ತಾರೆ. ಕಡೆಗೆ ಪರದೆ ಸರಿಸಿ, ಹಾಡುತ್ತಿರುವವಳು ಯಾರು ಅಂತ ಜನಕ್ಕೆ ತೋರಿಸುತ್ತಾರೆ.

ಇಲ್ಲಿ ನಮಗೊಂದು ಬೇರೆಯೇ ಸ್ವಾರಸ್ಯ ಇದೆ. ಪಿ.ಬಿ. ಶ್ರೀನಿವಾಸ್ ದನಿಯಲ್ಲಿ ರಾಜ್‌ಕುಮಾರ್ ಹಾಡುವುದನ್ನು ಕೇಳಿಕೊಂಡು ಬೆಳೆದವರು ನಾವು. ಒಬ್ಬರ ಮುಖ, ಇನ್ನೊಬ್ಬರ ದನಿ ಅನ್ನುವುದು ನಮಗೆ ಮೋಸ ಅಲ್ಲವೇ ಅಲ್ಲ. ಹಾಡಿದವರ ಹೆಸರು ಕ್ಯಾಸೆಟ್ಟಿನ ಮೇಲೇ ಇರುತ್ತಿತ್ತು. ಹಾಗಾಗಿ ಮೊದಲ ಸಲ ನೋಡಿದಾಗ, ಇದಕ್ಕೆ ಯಾಕೆ ಇಷ್ಟು ಗಲಾಟೆ ಅಂತ ನನಗೆ ಅನ್ನಿಸಿತ್ತು. ಆಮೇಲೆ ತಿಳಿಯಿತು. ಅಲ್ಲಿ ತಪ್ಪು ದನಿ ಕೊಡುವುದಲ್ಲ, ದನಿ ಕೊಟ್ಟವಳ ಹೆಸರನ್ನು ಮುಚ್ಚಿಡುವುದು. ಇನ್ನೊಂದು ವಿಷಯ ಗೊತ್ತಾ? ಲೀನಾಳ ಮಾತಿಗೆ ಕ್ಯಾಥಿ ದನಿ ಕೊಡುವ ದೃಶ್ಯದಲ್ಲಿ ಕೇಳುವ ದನಿ ಕ್ಯಾಥಿ ಪಾತ್ರದ ಡೆಬಿ ರೆನಾಲ್ಡ್ಸ್ ಅವರದಲ್ಲ. ಅದು ಲೀನಾ ಪಾತ್ರದ ಜೀನ್ ಹೇಗನ್ ಅವರ ಸ್ವಂತ ದನಿ, ನಿಜಕ್ಕೂ ತುಂಬ ಚೆನ್ನಾದ ದನಿ. ಹಾಡಿನ ಭಾಗಕ್ಕೆ ಬೆಟಿ ನಾಯ್ಸ್ ಎಂಬ ಇನ್ನೊಬ್ಬ ಗಾಯಕಿ. ದನಿಯ ಕಳ್ಳತನದ ಕಥೆ ಹೇಳುವ ಸಿನಿಮಾದ ಒಳಗೇ ಇಷ್ಟೆಲ್ಲ ಅಡಗಿದೆ.

ಮಳೆಯ ಹಾಡಿಗೆ ಬರೋಣ. ಅದು ನಿಜವಾದ ಬೀದಿ ಅಲ್ಲ, ಎಂಜಿಎಂ ಸ್ಟುಡಿಯೊದ ಸೆಟ್ಟು. ನೀರು ಬೇಕಾದ ಕಡೆ ನಿಲ್ಲಲಿ ಅಂತ ನೆಲದಲ್ಲಿ ಗುಂಡಿ ತೋಡಿದ್ದರು. ಕೆಲ್ಲಿಗೆ ಆಗ 103 ಡಿಗ್ರಿ ಜ್ವರ. ಮಳೆ ಎದ್ದು ಕಾಣಲು ನೀರಿಗೆ ಹಾಲು ಬೆರೆಸಿದ್ದರು ಅನ್ನುವ ಕಥೆ ಈಗಲೂ ಓಡಾಡುತ್ತದೆ. ಅದು ಸುಳ್ಳು, ಹಿಂದಿನಿಂದ ಬೆಳಕು ಬಿಟ್ಟು ಹನಿ ಕಾಣುವ ಹಾಗೆ ಮಾಡಿದ್ದು.

ಆದರೆ ನೀವು ನೋಡಬೇಕಾದದ್ದು ಬೇರೆ. ಹಾಡು ಶುರುವಾಗುವ ಮುಂಚೆ ಕೆಲ್ಲಿಯ ಪಾತ್ರದ ನಾಯಕ ಬಾಗಿಲಲ್ಲಿ ಕ್ಯಾಥಿಗೆ ಮುತ್ತು ಕೊಟ್ಟು, ಕಾಯುತ್ತಿರುವ ಕಾರನ್ನು ಕೈಬೀಸಿ ಕಳಿಸಿಬಿಡುತ್ತಾನೆ. ಅಲ್ಲಿಂದ ಒಂದೊಂದೇ ಮೆಟ್ಟಿಲು. ಮೊದಲು ಕೊಡೆ ಮಡಚುತ್ತಾನೆ. ಆಮೇಲೆ ಕೊಡೆಯೇ ವಾದ್ಯ, ಕೊಡೆಯೇ ಜೊತೆಗಾತಿ. ಸೂರಿನ ಕೊಳವೆಯಿಂದ ಸುರಿಯುವ ನೀರಿಗೆ ಮುಖ ಒಡ್ಡುತ್ತಾನೆ. ಒಂದು ಕಾಲು ಫುಟ್‌ಪಾತಿನ ಮೇಲೆ, ಒಂದು ಕಾಲು ಕೆಳಗೆ ಇಟ್ಟು ಕುಂಟುತ್ತ ಓಡುತ್ತಾನೆ. ಅದು ನಾವೆಲ್ಲ ಸ್ಕೂಲಿಂದ ಬರುವಾಗ ಮಾಡಿದ್ದೇ. ಕಡೆಗೆ ಪೊಲೀಸಿನವನು ಬಂದು ನಿಂತು ನೋಡುತ್ತಾನೆ. ನಾಯಕ ತಣ್ಣಗಾಗಿ ಏನೋ ಉತ್ತರ ಕೊಟ್ಟು, ಮಳೆಯಲ್ಲಿ ನೆನೆಯುತ್ತ ಹೋಗುವ ಯಾರಿಗೋ ಕೊಡೆ ಕೊಟ್ಟು ನಡೆದುಬಿಡುತ್ತಾನೆ. ಸಂತೋಷ ಬಂದಾಗ ಮನುಷ್ಯ ಹೇಗಿರುತ್ತಾನೆ ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ನಾಲ್ಕು ನಿಮಿಷ ನಾನು ನೋಡಿಲ್ಲ.

ನಾಯಕನ ಗೆಳೆಯನ ಪಾತ್ರದ ಡೊನಾಲ್ಡ್ ಓಕಾನರ್ ಗೋಡೆ ಹತ್ತಿ ಪಲ್ಟಿ ಹೊಡೆಯುವ ಹಾಡನ್ನೂ ಬಿಡಬೇಡಿ. ಡೆಬಿ ರೆನಾಲ್ಡ್ಸ್‌ಗೆ ಆಗ 19 ವರ್ಷ, ಡ್ಯಾನ್ಸ್ ಬರುತ್ತಿರಲಿಲ್ಲ. ಕೆಲ್ಲಿ ಆಕೆಯ ಮೇಲೆ ತುಂಬ ಗಟ್ಟಿಯಾಗಿದ್ದರು. ಆಕೆ ಪಿಯಾನೊ ಕೆಳಗೆ ಕೂತು ಅಳುತ್ತಿದ್ದಾಗ ಫ್ರೆಡ್ ಆಸ್ಟೇರ್ ಬಂದು ಸಮಾಧಾನ ಮಾಡಿದ್ದನ್ನು ಆಕೆಯೇ ಹೇಳಿಕೊಂಡಿದ್ದಾರೆ. ಮೂವರೂ ಸೇರಿ ಸೋಫಾ ಉರುಳಿಸುವ ಬೆಳಗಿನ ಹಾಡಿನ ಶೂಟಿಂಗ್ ಮುಗಿದಾಗ ಆಕೆಯ ಕಾಲಿನಿಂದ ರಕ್ತ ಬರುತ್ತಿತ್ತು. ಇದು ಗೊತ್ತಾದ ಮೇಲೆ ಆ ನಗುಮುಖ ನೋಡುವಾಗ ನನಗೆ ಸ್ವಲ್ಪ ಸಂಕಟವಾಗುತ್ತದೆ. ಆದರೂ ಆಕೆ ಇಬ್ಬರು ಗಟ್ಟಿಗರ ನಡುವೆ ಒಂದು ಹೆಜ್ಜೆಯೂ ಹಿಂದೆ ಬೀಳುವುದಿಲ್ಲ.

ಎರಡನೆಯದು ಯಾವುದು?

ಇಲ್ಲಿಯೇ ನನ್ನ ದಾರಿ ಬೇರೆಯಾಗುವುದು. ಸಾಮಾನ್ಯವಾಗಿ ಎರಡನೆಯದಾಗಿ ಹೇಳುವುದು 1951ರ 'ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್'. ಅದಕ್ಕೆ ಕಾರಣವೂ ಇದೆ. ಅತ್ಯುತ್ತಮ ಚಿತ್ರವೂ ಸೇರಿ ಆರು ಆಸ್ಕರ್, ಮೇಲೆ ಕೆಲ್ಲಿಗೆ ಗೌರವ ಆಸ್ಕರ್. ಮಳೆಯ ಸಿನಿಮಾಕ್ಕೆ ಒಂದೂ ಸಿಗಲಿಲ್ಲ, ಎರಡು ನಾಮನಿರ್ದೇಶನ ಅಷ್ಟೇ. ಹಾಗಂತ ಆಸ್ಕರ್ ಲೆಕ್ಕ ಹಿಡಿದು ಹೋದರೆ ನಿಮಗೆ ನಿರಾಸೆ ಆಗಬಹುದು.

ಗೆರ್ಶ್‌ವಿನ್ ಸಂಗೀತ, ವಿನ್ಸೆಂಟ್ ಮಿನೆಲಿ ನಿರ್ದೇಶನ, ಕಣ್ಣು ತುಂಬುವ ಬಣ್ಣ. ಕಡೆಯಲ್ಲಿ 17 ನಿಮಿಷ ಒಂದೂ ಮಾತಿಲ್ಲದ ಬ್ಯಾಲೆ. ಡುಫಿ, ರೂಸೊ, ವ್ಯಾನ್ ಗೋ, ಟುಲೂಸ್ ಲೊತ್ರೆಕ್ ಇವರ ಚಿತ್ರಗಳೊಳಗೆ ನಡೆದಾಡಿದ ಹಾಗೆ ಸೆಟ್ ಹಾಕಿದ್ದಾರೆ. ಚಿತ್ರಕಲೆ ಇಷ್ಟಪಡುವವರು ಇದರಿಂದಲೇ ಶುರು ಮಾಡಿದರೂ ತಪ್ಪಿಲ್ಲ. ಆದರೆ ಆ ಬ್ಯಾಲೆ ತಲುಪುವವರೆಗೆ ಕಥೆ ತೆಳುವಾಗಿದೆ. ನಾಯಕ ತನಗೆ ನೆರವಾಗುವ ಶ್ರೀಮಂತ ಹೆಂಗಸಿನ ಜೊತೆ ನಡೆದುಕೊಳ್ಳುವ ರೀತಿ ನನಗೆ ಹಿಡಿಸುವುದಿಲ್ಲ. ಇಷ್ಟವಿಲ್ಲ ಅನ್ನುವ ಹುಡುಗಿಯನ್ನು ಬೆನ್ನಟ್ಟುವುದೂ ಅಷ್ಟೇ. ಪಾಪ, ಆ ಹುಡುಗಿಯ ಪಾತ್ರದ ಲೆಸ್ಲಿ ಕ್ಯಾರನ್‌ಗೆ ಅದು ಮೊದಲ ಸಿನಿಮಾ. ಪ್ಯಾರಿಸ್ಸಿನ ಬ್ಯಾಲೆ ತಂಡದಲ್ಲಿ ಕುಣಿಯುತ್ತಿದ್ದ ಆಕೆಯನ್ನು ಕೆಲ್ಲಿಯೇ ಗುರುತಿಸಿ ಕರೆತಂದರು.

ಈ ಸಿನಿಮಾದಲ್ಲಿ ನನಗೆ ಬ್ಯಾಲೆಗಿಂತ ಹತ್ತಿರವಾದದ್ದು ಬೀದಿಯ ಮಕ್ಕಳ ಹಾಡು. ಫ್ರೆಂಚ್ ಮಕ್ಕಳು ಸುತ್ತ ನಿಂತಿದ್ದಾರೆ, ಅವರಿಗೆ ಒಂದೊಂದೇ ಇಂಗ್ಲಿಷ್ ಪದ ಹೇಳಿಕೊಡುತ್ತ ಕುಣಿಯುತ್ತಾರೆ. ಡ್ಯಾನ್ಸ್ ಶಾಲೆಯ ಮೇಷ್ಟ್ರು ಇಲ್ಲಿ ಎದ್ದು ಕಾಣುತ್ತಾರೆ.

ಹಾಗಾದರೆ ಎರಡನೆಯದಕ್ಕೆ ನನ್ನ ಆಯ್ಕೆ 1955ರ 'ಇಟ್ಸ್ ಆಲ್ವೇಸ್ ಫೇರ್ ವೆದರ್'. ಬಿಡುಗಡೆಯಾದಾಗ ಓಡಲಿಲ್ಲ, ಈಗಲೂ ಹೆಚ್ಚು ಜನ ನೋಡಿಲ್ಲ. ನನಗೆ ಮಾತ್ರ ಕೆಲ್ಲಿಯ ಸಿನಿಮಾಗಳಲ್ಲಿ ಮನಸ್ಸಿಗೆ ತೀರಾ ಹತ್ತಿರದ್ದು ಇದೇ.

ಯುದ್ಧ ಮುಗಿದಿದೆ. ಮೂವರು ಸೈನಿಕ ಗೆಳೆಯರು ನ್ಯೂಯಾರ್ಕಿನ ಬಾರ್ ಒಂದರಲ್ಲಿ ಕುಡಿದು, ಹತ್ತು ವರ್ಷ ಬಿಟ್ಟು ಇದೇ ದಿನ ಇಲ್ಲೇ ಸೇರೋಣ ಅಂತ ಮಾತು ಕೊಟ್ಟುಕೊಳ್ಳುತ್ತಾರೆ. ಆ ಸಂತೋಷದಲ್ಲಿ ಬೀದಿಗೆ ಬಂದು, ಒಬ್ಬೊಬ್ಬರೂ ಒಂದು ಕಾಲಿಗೆ ಕಸದ ಡಬ್ಬಿಯ ತಗಡು ಮುಚ್ಚಳ ಸಿಕ್ಕಿಸಿಕೊಂಡು ಕುಣಿಯುತ್ತಾರೆ. ಧಡ್, ಧಡ್ ಅಂತ ತಗಡಿನ ಸದ್ದು ಬೀದಿ ತುಂಬುತ್ತದೆ. ಕೆಲ್ಲಿಯ ಜೊತೆ ಡ್ಯಾನ್ ಡೇಲಿ, ಮೈಕೆಲ್ ಕಿಡ್. ಮೂವರೂ ಪಳಗಿದ ಕಾಲುಗಳು.

ಹತ್ತು ವರ್ಷ ಕಳೆಯುತ್ತದೆ. ಮಾತಿನ ಪ್ರಕಾರ ಮೂವರೂ ಬರುತ್ತಾರೆ. ಅಪ್ಪಿಕೊಳ್ಳುತ್ತಾರೆ, ಕೂರುತ್ತಾರೆ. ಆಮೇಲೆ ಮಾತೇ ಇಲ್ಲ. ಒಬ್ಬರಿಗೊಬ್ಬರು ಹಿಡಿಸುವುದೇ ಇಲ್ಲ. ಹೋಟೆಲಿನಲ್ಲಿ ಕೂತು, ಇವನ ಜೊತೆ ನನಗೇನು ಕೆಲಸ, ಬರಲೇಬಾರದಿತ್ತು ಅಂತ ಮೂವರೂ ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾರೆ. ಅದೂ 'ಬ್ಲೂ ಡ್ಯಾನ್ಯೂಬ್' ವಾಲ್ಟ್ಸ್‌ನ ಧಾಟಿಯಲ್ಲಿ. ಹಳೇ ಕ್ಲಾಸ್‌ಮೇಟ್‌ಗಳ ವಾಟ್ಸ್‌ಆ್ಯಪ್ ಗ್ರೂಪಿನಿಂದ ಎದ್ದು, ಒಂದು ಭಾನುವಾರ ಹೋಟೆಲಿನಲ್ಲಿ ಸೇರಿ, ಹತ್ತು ನಿಮಿಷಕ್ಕೆ ಮಾತು ಖಾಲಿಯಾದವರಿಗೆ ಈ ದೃಶ್ಯ ಚುರುಕ್ ಅನ್ನುತ್ತದೆ. ನನಗೆ ಅಂದಿತ್ತು.

ಆಮೇಲೆ ರೋಲರ್ ಸ್ಕೇಟ್ಸ್. ರೌಡಿಗಳಿಂದ ತಪ್ಪಿಸಿಕೊಳ್ಳಲು ಕೆಲ್ಲಿ ಸ್ಕೇಟಿಂಗ್ ಮಾಡುವ ಜಾಗಕ್ಕೆ ನುಗ್ಗಿ, ಕಾಲಿಗೆ ಸ್ಕೇಟ್ಸ್ ಕಟ್ಟಿಕೊಂಡು ಜನರ ನಡುವೆ ಸೇರಿಕೊಳ್ಳುತ್ತಾರೆ. ಹೊರಗೆ ಬಂದಾಗ ತಲೆಯಲ್ಲಿ ಒಂದೇ ಯೋಚನೆ: ಆಗಷ್ಟೇ ಪರಿಚಯವಾದ ಹೆಣ್ಣಿಗೆ ನಾನು ಇಷ್ಟ ಅಂತಾದರೆ ನಾನು ಅಷ್ಟೇನೂ ಕೆಟ್ಟವನಲ್ಲ. ಅದೇ ಗುಂಗಿನಲ್ಲಿ ಹಾಡುತ್ತ ಹೋಗುವಾಗ ಕಾಲಿನಲ್ಲಿ ಸ್ಕೇಟ್ಸ್ ಇರುವುದೇ ಮರೆತಿದೆ. ದಾರಿಯವರೆಲ್ಲ ನಿಂತು ನೋಡುತ್ತಾರೆ. ಆಗ ಕೆಳಗೆ ನೋಡಿಕೊಂಡು, ಗಾಲಿಯ ಮೇಲೆಯೇ ಟ್ಯಾಪ್ ಡ್ಯಾನ್ಸ್ ಶುರು ಮಾಡುತ್ತಾರೆ. ಜಾರುವ ಗಾಲಿಯನ್ನು ನಿಲ್ಲಿಸಿ, ಅದೇ ಗಾಲಿಯಿಂದ ತಾಳ ತೆಗೆಯುವುದು ಎಷ್ಟು ಕಷ್ಟ ಅಂತ ಸ್ಕೇಟ್ಸ್ ಕಟ್ಟಿಕೊಂಡು ಒಮ್ಮೆಯಾದರೂ ನಿಂತವರಿಗೆ ಗೊತ್ತು. ಆಗ ಕೆಲ್ಲಿಗೆ 42 ದಾಟಿತ್ತು.

ಮಳೆಯ ಹಾಡಿಗೂ ಇದಕ್ಕೂ ವ್ಯತ್ಯಾಸ ಇಷ್ಟು. ಅಲ್ಲಿ ಪ್ರೀತಿ ಸಿಕ್ಕಿದ ಹುಡುಗನ ಖುಷಿ. ಇಲ್ಲಿ ತನ್ನನ್ನು ತಾನೇ ಬಿಟ್ಟುಕೊಟ್ಟಿದ್ದವನು ಮತ್ತೆ ತನ್ನನ್ನು ಒಪ್ಪಿಕೊಳ್ಳುವ ಖುಷಿ. ವಯಸ್ಸು 25ರ ಒಳಗಿದ್ದರೆ ಮೊದಲನೆಯದು ಜಾಸ್ತಿ ತಟ್ಟುತ್ತದೆ. 40 ದಾಟಿದವರು ಎರಡನೆಯದನ್ನು ತಪ್ಪಿಸಬೇಡಿ. ಒಂದು ಮಾತು: ಇದು ಸಿನಿಮಾಸ್ಕೋಪ್. ಪರದೆಯನ್ನು ಮೂರು ಭಾಗ ಮಾಡಿ ಮೂವರನ್ನೂ ಒಟ್ಟಿಗೆ ತೋರಿಸುವ ಜಾಗಗಳಿವೆ. ಮೊಬೈಲಿನಲ್ಲಿ ನೋಡಿದರೆ ಮೂರು ಇರುವೆ ಕಂಡ ಹಾಗೆ ಕಾಣುತ್ತದೆ, ಟಿವಿಯಲ್ಲೇ ನೋಡಿ.

ಮಕ್ಕಳ ಜೊತೆ ಕೂತು ನೋಡುವುದಾದರೆ

1949ರ 'ಆನ್ ದ ಟೌನ್', 1945ರ 'ಆ್ಯಂಕರ್ಸ್ ಅವೇ'. ಎರಡರಲ್ಲೂ ಕೆಲ್ಲಿ ಮತ್ತು ಗಾಯಕ ಫ್ರ್ಯಾಂಕ್ ಸಿನಾಟ್ರಾ ರಜೆ ಸಿಕ್ಕ ನಾವಿಕರು. ಎರಡರಲ್ಲಿ ಒಂದೇ ಸಾಕು ಅಂದರೆ 'ಆನ್ ದ ಟೌನ್'. ಸುಮಾರು ಒಂದೂವರೆ ಗಂಟೆ, ಓಡುತ್ತಲೇ ಇರುತ್ತದೆ. ಮೂವರು ನಾವಿಕರಿಗೆ ನ್ಯೂಯಾರ್ಕಿನಲ್ಲಿ 24 ಗಂಟೆ ರಜೆ, ಅಷ್ಟೇ ಕಥೆ. ಎಲ್ಲವನ್ನೂ ಸ್ಟುಡಿಯೊ ಒಳಗೇ ತೆಗೆಯುತ್ತಿದ್ದ ಕಾಲದಲ್ಲಿ ಕೆಲ್ಲಿ ಮತ್ತು ಡೊನೆನ್ ಹಟ ಹಿಡಿದು ಮೊದಲ ಹಾಡನ್ನು ನಿಜವಾದ ನ್ಯೂಯಾರ್ಕಿನಲ್ಲಿ ತೆಗೆದರು. ಬ್ರೂಕ್ಲಿನ್ ಸೇತುವೆ, ರಾಕ್‌ಫೆಲರ್ ಸೆಂಟರ್ ಎಲ್ಲ ಬಿಸಿಲಿನಲ್ಲಿ ಕಾಣುತ್ತವೆ. ಮ್ಯೂಸಿಯಮ್ಮಿನೊಳಗಿನ ಆದಿಮಾನವನ ಹಾಡಿನಲ್ಲಿ ಬುಡಕಟ್ಟು ಜನರನ್ನು ಅಣಕಿಸುವ ತುಣುಕುಗಳಿವೆ. ಮಕ್ಕಳು ಪಕ್ಕದಲ್ಲಿದ್ದರೆ ಅದರ ಬಗ್ಗೆ ಒಂದು ಮಾತು ಹೇಳಿ.

'ಆ್ಯಂಕರ್ಸ್ ಅವೇ' ಎರಡು ಗಂಟೆಗೂ ಜಾಸ್ತಿ. ಮಧ್ಯೆ ಮಕ್ಕಳು ಎದ್ದು ಹೋಗುತ್ತಾರೆ. ಆದರೆ ಇಲಿಯ ಹಾಡು ಬಂದಾಗ ಓಡಿ ಬರುತ್ತಾರೆ. ಟಾಮ್ ಆ್ಯಂಡ್ ಜೆರಿಯ ಜೆರಿ ಇಲ್ಲಿ ರಾಜ, ಕೆಲ್ಲಿ ಅವನಿಗೆ ಕುಣಿತ ಕಲಿಸುವವನು. ಮೊದಲು ಕೇಳಿದ್ದು ಮಿಕಿ ಮೌಸ್‌ನನ್ನು, ಡಿಸ್ನಿ ಒಪ್ಪಲಿಲ್ಲ. ಹೊಳೆಯುವ ನೆಲದ ಮೇಲೆ ಕೆಲ್ಲಿಯ ಪ್ರತಿಬಿಂಬ ಬೀಳುತ್ತದೆ, ಇಲಿಯದು ಬೀಳುವುದಿಲ್ಲವಲ್ಲ ಅಂತ ಆಮೇಲೆ ಗೊತ್ತಾಗಿ ಪ್ರತಿ ಚೌಕಟ್ಟಿಗೂ ಇಲಿಯ ಪ್ರತಿಬಿಂಬ ಬರೆದು ಸೇರಿಸಿದರು. ನೋಡುವಾಗ ನೆಲದ ಮೇಲೂ ಒಂದು ಕಣ್ಣಿಡಿ. ಕೆಲ್ಲಿಗೆ ನಟನೆಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿದ್ದು ಇದೊಂದಕ್ಕೇ.

ಇಂಗ್ಲಿಷ್ ಬರದವರಿಗೆ

ನಮ್ಮ ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಸಬ್‌ಟೈಟಲ್ ಓದುವುದೂ ಇಲ್ಲ. ಅವರಿಗೆ ನಾನು ಮೊದಲು ತೋರಿಸಿದ್ದು 1950ರ 'ಸಮರ್ ಸ್ಟಾಕ್'ನ ಒಂದು ತುಣುಕು. ಖಾಲಿ ನಾಟಕದ ರಂಗ, ಮಬ್ಬು ಬೆಳಕು. ಕೆಲ್ಲಿ ಒಬ್ಬರೇ ಸಿಳ್ಳೆ ಹಾಕುತ್ತ ನಡೆಯುತ್ತಿದ್ದಾರೆ. ಕಾಲಿನಡಿಯ ಹಲಗೆಯೊಂದು ಕಿರ್ ಅನ್ನುತ್ತದೆ. ನಿಲ್ಲುತ್ತಾರೆ. ಮತ್ತೆ ತುಳಿಯುತ್ತಾರೆ, ಮತ್ತೆ ಕಿರ್. ಅಲ್ಲೇ ಬಿದ್ದ ಪೇಪರಿನ ಮೇಲೆ ಕಾಲು ಎಳೆದರೆ ಸರ್ ಅನ್ನುತ್ತದೆ. ಆ ಎರಡು ಸದ್ದುಗಳಿಂದಲೇ ಕುಣಿತ ಕಟ್ಟುತ್ತ ಹೋಗುತ್ತಾರೆ. ಕಿರ್, ಸರ್, ಟಪ್ ಟಪ್. ಪೇಪರನ್ನು ಕಾಲಲ್ಲೇ ಎರಡಾಗಿ ಹರಿಯುತ್ತಾರೆ, ಆಮೇಲೆ ನಾಲ್ಕಾಗಿ. ಕಡೆಗೆ ಒಂದು ಚೂರಿನಲ್ಲಿ ಏನೋ ಸುದ್ದಿ ಕಣ್ಣಿಗೆ ಬಿದ್ದು, ಓದುತ್ತ ಹೊರಟುಬಿಡುತ್ತಾರೆ. ಅಮ್ಮ ಕೇಳಿದ್ದು ಒಂದೇ ಮಾತು: "ಇನ್ನೊಂದ್ಸಲ ಹಾಕು." ನಮ್ಮ ಹಳೇ ಮನೆಯ ಅಟ್ಟದಲ್ಲೂ ಹಾಗೆ ಕಿರ್ ಅನ್ನುವ ಹಲಗೆಯೊಂದಿತ್ತು, ಅದು ಅವರಿಗೆ ನೆನಪಾಗಿತ್ತು.

ಇಡೀ ಸಿನಿಮಾ ಸಾಧಾರಣ. ಕೆಲ್ಲಿ ಅದನ್ನು ಮಾಡಿದ್ದು ಅದರ ನಾಯಕಿ ಜೂಡಿ ಗಾರ್ಲಂಡ್ ಅವರಿಗಾಗಿ. 1942ರಲ್ಲಿ ಕೆಲ್ಲಿಯ ಮೊದಲ ಸಿನಿಮಾದಲ್ಲಿ ಕೈಹಿಡಿದು ನಡೆಸಿದವರು ಆಕೆ. ಈಗ ಆಕೆಯ ಆರೋಗ್ಯ ಕೆಟ್ಟಿತ್ತು. ಎಂಜಿಎಂನಲ್ಲಿ ಆಕೆಯ ಕಡೆಯ ಸಿನಿಮಾ ಇದೇ ಆಯಿತು.

ಮಾತೇ ಬೇಡ ಅನ್ನುವವರಿಗೆ 1956ರ 'ಇನ್ವಿಟೇಷನ್ ಟು ದ ಡ್ಯಾನ್ಸ್' ಇದೆ. ಮೂರು ಕಥೆ, ಬರೀ ಕುಣಿತ, ಒಂದು ಸಂಭಾಷಣೆಯೂ ಇಲ್ಲ. ಬರ್ಲಿನ್‌ನಲ್ಲಿ ಚಿನ್ನದ ಕರಡಿ ಪ್ರಶಸ್ತಿ ಬಂತು, ಜನ ಬರಲಿಲ್ಲ. ಕೆಲ್ಲಿಯ ಕನಸಿನ ಕೂಸು ಅದು. ನನಗೆ ಗೌರವ ಇದೆ, ಆದರೆ ಒಂದೇ ಕೂರಿಕೆಯಲ್ಲಿ ನೋಡುವುದು ಕಷ್ಟ.

ಉಳಿದವು ಬೇಗ ಬೇಗ

1944ರ 'ಕವರ್ ಗರ್ಲ್'ನಲ್ಲಿ ರಾತ್ರಿ ಬೀದಿಯ ಅಂಗಡಿ ಗಾಜಿನಿಂದ ಕೆಲ್ಲಿಯದೇ ಪ್ರತಿಬಿಂಬ ಇಳಿದು ಬಂದು ಅವರ ಜೊತೆ ಕುಣಿಯುತ್ತದೆ. ಕಂಪ್ಯೂಟರ್ ಇಲ್ಲದ ಕಾಲ. ಎರಡು ಸಲ ಒಂದೇ ಅಳತೆಯಲ್ಲಿ ಕುಣಿದು ಎರಡನ್ನೂ ಕೂಡಿಸಿದ್ದು. ಅದೊಂದಕ್ಕಾಗಿ ನೋಡಿ.

1948ರ 'ದ ಪೈರೇಟ್' ಸೋತ ಸಿನಿಮಾ, ಆದರೆ ಅದರಲ್ಲಿ ಕೆಲ್ಲಿ ನಿಕೊಲಸ್ ಸಹೋದರರ ಜೊತೆ ಕುಣಿಯುತ್ತಾರೆ. ಕಪ್ಪು ಜನಾಂಗದ ಆ ಅಣ್ಣತಮ್ಮಂದಿರು ಆ ಕಾಲದ ಮಹಾ ನೃತ್ಯಗಾರರು. ಬಿಳಿಯ ತಾರೆಯೊಬ್ಬ ಅವರ ಸಮಕ್ಕೆ ನಿಂತು ಕುಣಿದ ಅಂತ ಅಮೆರಿಕದ ದಕ್ಷಿಣದ ಊರುಗಳಲ್ಲಿ ಆ ಹಾಡನ್ನು ಕತ್ತರಿಸಿ ತೋರಿಸಿದರು. ಮೂವರೂ ಒಂದೇ ಉಸಿರಿನಲ್ಲಿ ಪಲ್ಟಿ ಹೊಡೆಯುವುದನ್ನು ನೋಡಿದರೆ ಕತ್ತರಿಸಿದವರ ಮೇಲೆ ಈಗಲೂ ಸಿಟ್ಟು ಬರುತ್ತದೆ. 1954ರ 'ಬ್ರಿಗಡೂನ್' ಬಿಟ್ಟರೂ ನಡೆಯುತ್ತದೆ. ಸ್ಕಾಟ್ಲೆಂಡ್ ಬೆಟ್ಟಗಳ ಕಥೆಯನ್ನು ಸ್ಟುಡಿಯೊ ಗೋಡೆಯೊಳಗೆ ತೆಗೆದದ್ದು ಕಣ್ಣಿಗೆ ಹೊಡೆಯುತ್ತದೆ.

ಇಷ್ಟೆಲ್ಲ ನೋಡಿ ಇನ್ನೂ ಬೇಕು ಅನ್ನಿಸಿದರೆ 1967ರ ಫ್ರೆಂಚ್ ಸಿನಿಮಾ 'ದ ಯಂಗ್ ಗರ್ಲ್ಸ್ ಆಫ್ ರೋಶ್‌ಫೋರ್'. ನಿರ್ದೇಶಕ ಜಾಕ್ ದೆಮಿ. ಕ್ಯಾಥರೀನ್ ದೆನೂವ್ ಮತ್ತು ಅವರ ಅಕ್ಕ ಫ್ರಾಂಸ್ವಾಸ್ ದೋರ್ಲಿಯಾಕ್ ಇದರಲ್ಲೂ ಅಕ್ಕತಂಗಿಯರು. ಶೂಟಿಂಗ್ ಹೊತ್ತಿಗೆ ಕೆಲ್ಲಿಗೆ 53. ಇದರಲ್ಲಿ ಕೆಲ್ಲಿಯ ಫ್ರೆಂಚ್ ಹಾಡಿಗೆ ದನಿ ಬೇರೆಯವರದು. ಲೀನಾಳ ಕಥೆ ನೋಡಿ ಬಂದವರಿಗೆ ಅದು ತಕ್ಷಣ ಹೊಳೆಯುತ್ತದೆ. ಆಮೇಲೆ ಅವರು ಬಿಸಿಲು ಬಿದ್ದ ಬೀದಿಗೆ ಇಳಿಯುತ್ತಾರೆ, ದಾರಿಯಲ್ಲಿ ಸಿಕ್ಕ ಹುಡುಗರನ್ನು ಸೇರಿಸಿಕೊಂಡು ಹೆಜ್ಜೆ ಹಾಕುತ್ತಾರೆ. ಅದೇ ಬಾಗಿದ ಮೊಣಕಾಲು.